ಹತ್ತನೆಯ ಮತ

ಅಕ್ಟೋಬರ್ ತಿಂಗಳ ಮೊದಲ ಸೋಮವಾರ ಬೆಳಗ್ಗೆ, ಡೋರೀನಳ ಕಾಫಿ ಅಂಗಡಿಯ ಉದ್ದ ಮೇಜಿನ ಬಳಿ, ಡೆಲ್ಬರ್ಟ್ ಹಿನ್ರಿಕ್ಸನ್ ಎಂಬ ಮಹಾಪುರುಷ ಎದ್ದು ನಿಂತು ಘೋರ ಪ್ರತಿಜ್ಞೆಯೊಂದನ್ನು ಮಾಡಿದ.

"ಕೇಳ್ರಪ್ಪಾ ಎಲ್ರೂ! ಈ ಮಧ್ಯಾವಧಿ ಚುನಾವಣೇಲಿ ಸೆನೆಟ್‌ನಿಂದ ಹಿಡಿದು ನಮ್ಮ ಮತಪತ್ರದ ಕಟ್ಟಕಡೇ ಗೆರೆವರೆಗೆ, ಯಾರು ಗೆಲ್ತಾರೆ ಅಂತ ನಾನು ಮೊದಲೇ ಹೇಳ್ತೀನಿ. ಒಂದೇ ಒಂದು ತಪ್ಪಿದ್ರೂ ಈ ಟೋಪಿನ ಬೆಣ್ಣೆ ಸವರ್ಕೊಂಡು ತಿಂತೀನಿ!"

ಹೀಗೆ ಹೇಳಿ ತಲೆಯ ಮೇಲಿದ್ದ ಹಸಿರು ಟೋಪಿಯನ್ನು ತೆಗೆದು ಎಲ್ಲರಿಗೂ ತೋರಿಸಿದ. ಬಿತ್ತನೆ ಬೀಜದ ಕಂಪನಿಯವರು ಇಪ್ಪತ್ತೆರಡು ವರ್ಷಗಳ ಹಿಂದೆ ಬಿಟ್ಟಿ ಕೊಟ್ಟ ಟೋಪಿ ಅದು. ಅಂದಿನಿಂದ ಇಂದಿನವರೆಗೆ ನೀರು ಕಂಡಿದ್ದು ಮಳೆಯಲ್ಲಿ ಮಾತ್ರ. ಮೇಜಿನ ಸುತ್ತ ಕುಳಿತಿದ್ದ ಒಂಬತ್ತು ಗಂಡಸರಿಗೆ ಆ ಪ್ರತಿಜ್ಞೆಯ ಗಾಂಭೀರ್ಯ ಒಮ್ಮೆಲೇ ಅರ್ಥವಾಯಿತು.

ಡೆಲ್ಬರ್ಟನ ಈ ಧೈರ್ಯಕ್ಕೆ ಕಾರಣವಿತ್ತು. ಅಮೆರಿಕದ ಅಯೋವಾ ರಾಜ್ಯದ ಪ್ಲಮ್ ಕ್ರೀಕ್ ಎಂಬ ಆ ಪುಟ್ಟ ಊರಿನ ಧಾನ್ಯದ ಗೋದಾಮಿನಲ್ಲಿ ಅವನು ಮೂವತ್ತೊಂದು ವರ್ಷ ಲಾರಿಗಳ ತೂಕ ಹಾಕಿದ್ದ. ಲಾರಿ ಗೇಟಿನಲ್ಲಿ ತಿರುಗುವಾಗಲೇ ಇದರಲ್ಲಿ ಇಷ್ಟು ಮೆಕ್ಕೆಜೋಳವಿದೆ ಎಂದು ಹೇಳಿಬಿಡುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗುತ್ತಿತ್ತು. ನಿವೃತ್ತನಾದ ಮೇಲೆ ತೂಗಲು ಲಾರಿಗಳಿಲ್ಲದೆ ಇಡೀ ದೇಶವನ್ನೇ ತೂಗತೊಡಗಿದ್ದ.

"ಅವಧಿ ಅರ್ಧ ಕಳೆದಾಗ ನಡೆಯೋ ಈ ಚುನಾವಣೇಲಿ ಅಧ್ಯಕ್ಷರ ಪಕ್ಷ ಪೆಟ್ಟು ತಿನ್ನೋದು ಇದ್ದದ್ದೇ. ಅದನ್ನ ಹೇಳೋಕೆ ನೀನ್ಯಾಕೆ ಭಾವ? ಕ್ಯಾಲೆಂಡರ್ ಸಾಕು," ಎಂದ ಗೇಲನ್. ಇವನು ಡೆಲ್ಬರ್ಟನ ಹೆಂಡತಿಯ ತಮ್ಮ, ಪಕ್ಕದ ಹೊಲದವನು, ಕತ್ತೆ ಚಿಹ್ನೆಯ ಪಕ್ಷದ ಕಟ್ಟಾಳು.

"ಎಷ್ಟು ಸೀಟಲ್ಲಿ ಪೆಟ್ಟು ತಿನ್ನುತ್ತೆ? ಅದನ್ನ ಕ್ಯಾಲೆಂಡರ್ ಹೇಳುತ್ತಾ?"

"ಟೀವಿಯವ್ರು ಹೇಳ್ತಾರಲ್ಲ."

"ಟೀವಿಯವ್ರು! ಟೈ ಕಟ್ಕೊಂಡು ನಕ್ಷೆ ಮುಟ್ಟೋರು! ಅವ್ರು ಜನ್ಮದಲ್ಲಿ ಒಂದು ಲಾರಿ ತೂಕ ಹಾಕಿದಾರಾ?"

ಆಮೇಲೆ ಶುರುವಾಯಿತು ನೋಡಿ! ಎದುರಾಳಿ ಆನೆ ಚಿಹ್ನೆಯ ಪಕ್ಷದವರು ನಾಲ್ವರು, ಕತ್ತೆ ಪಕ್ಷದವರು ನಾಲ್ವರು, ಎರಡನ್ನೂ ಬೈಯುವವನು ಒಬ್ಬ. ಹಳ್ಳಿಯವರು ಹೀಗೆ ಹಾಕುತ್ತಾರೆ, ನಗರದ ಹೆಂಗಸರು ಹಾಗೆ ಹಾಕುತ್ತಾರೆ, ಮೊಟ್ಟೆಯ ಬೆಲೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ, ಮೊಟ್ಟೆಯಲ್ಲ ಪೆಟ್ರೋಲು, ಪೆಟ್ರೋಲಲ್ಲ ಅಭ್ಯರ್ಥಿಯ ಗಡ್ಡ! ಡೋರೀನ್ ಕಾಫಿ ಸುರಿಯುತ್ತಾ ಹೋದಳು, ಅವರು ಕುಡಿಯುತ್ತಾ ಕಿರುಚುತ್ತಾ ಹೋದರು.

"ಅದೆಲ್ಲಾ ಇರ್ಲಿ ಭಾವ," ಎಂದ ಗೇಲನ್ ಕೊನೆಗೆ, "ನಮ್ಮಿಬ್ಬರ ನಡುವಿನ ಬೇಲಿ ಇದ್ಯಲ್ಲ, ಅದರಲ್ಲಿ ನಿನ್ನ ಪಾಲಿನದು ಏಳು ವರ್ಷದಿಂದ ಮಲಗಿದೆ. ಅದು ಯಾವಾಗ ಎದ್ದು ನಿಲ್ಲುತ್ತೆ? ಅದರ ಭವಿಷ್ಯ ಒಂಚೂರು ಹೇಳು."

"ಅದು ರಾಷ್ಟ್ರೀಯ ವಿಷಯ ಅಲ್ಲ," ಎಂದ ಡೆಲ್ಬರ್ಟ್ ಗಂಭೀರವಾಗಿ.

"ಹಾಗಾದ್ರೆ ಕಟ್ಟಕಡೇ ಗೆರೆ ಕತೆ ಹೇಳು. ಟೌನ್‌ಶಿಪ್ ಟ್ರಸ್ಟಿ."

ಟೌನ್‌ಶಿಪ್ ಟ್ರಸ್ಟಿ ಎಂದರೆ ಊರಿನ ಸ್ಮಶಾನದ ಹುಲ್ಲು ಕೊಯ್ಯಿಸುವುದು ಮತ್ತು ಹೊಲದ ಬೇಲಿಯ ಜಗಳ ಬಿಡಿಸುವುದು, ಇಷ್ಟೇ ಕೆಲಸದ ಹುದ್ದೆ. ಮೂವರು ಟ್ರಸ್ಟಿಗಳಲ್ಲಿ ಒಬ್ಬ ಬಿಸಿಲು ಹುಡುಕಿಕೊಂಡು ಅರಿಜೋನಾಕ್ಕೆ ಹೊರಟುಹೋಗಿದ್ದ. ಅವನ ಜಾಗಕ್ಕೆ ಯಾರೂ ಅರ್ಜಿ ಹಾಕಿರಲಿಲ್ಲ. ಇಂಥ ಹುದ್ದೆಗೆ ಮತಪತ್ರದಲ್ಲಿ ಹೆಸರಿನ ಬದಲು ಒಂದು ಖಾಲಿ ಗೆರೆ ಇರುತ್ತದೆ. ಬೇಕಾದವರು ಬೇಕಾದವರ ಹೆಸರನ್ನು ಕೈಯಲ್ಲೇ ಬರೆಯಬಹುದು.

"ಸೊನ್ನೆ!" ಎಂದು ಗುಡುಗಿದ ಡೆಲ್ಬರ್ಟ್. "ಯಾರೂ ನಿಂತಿಲ್ಲ, ಯಾರೂ ಬರೆಯಲ್ಲ. ಒಂದೇ ಒಂದು ಮತ ಬೀಳಲ್ಲ. ಬರ್ಕೊಳ್ಳಿ!"

ಒಂಬತ್ತು ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೇಲನ್ ಸಕ್ಕರೆಯೇ ಹಾಕದ ಕಾಫಿಯನ್ನು ಬಹಳ ಹೊತ್ತು ಚಮಚದಿಂದ ಕಲಕಿದ.

ಅದೇ ವಾರ ಡೆಲ್ಬರ್ಟನ ಊಟದ ಕೋಣೆಯ ಗೋಡೆಯ ಮೇಲೆ ಅಮೆರಿಕದ ಬೃಹತ್ ನಕ್ಷೆಯೊಂದು ಅವತರಿಸಿತು. ಅದರ ಹಿಂದೆ ಅವನ ಅತ್ತೆಯ ಕಾಲದ ಆರು ಪಿಂಗಾಣಿ ತಟ್ಟೆಗಳು ಮುಚ್ಚಿಹೋದವು. ಹೆಂಡತಿ ಮಾರ್ಲಿಸ್ ತಟ್ಟೆಗಳಿದ್ದ ಜಾಗವನ್ನೊಮ್ಮೆ ನೋಡಿ ಅಡುಗೆಮನೆಗೆ ಹೋದಳು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು ಅವಳು. ಐವತ್ತು ಮಕ್ಕಳನ್ನು ಕನ್ನಡಿಯಲ್ಲೇ ನೋಡಿ ಸುಮ್ಮನಾಗಿಸುತ್ತಿದ್ದವಳು. ಯಾವಾಗ ಕೂಗಬೇಕು, ಯಾವಾಗ ಕಾಯಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗುರುವಾರ ಮಧ್ಯಾಹ್ನ ಅವಳು ಅವನ ಪಕ್ಕದ ಕುರ್ಚಿಯಲ್ಲಿ ಬಂದು ಕುಳಿತಳು.

"ಡೆಲ್, ಇವತ್ತು ಅಮ್ಮನ ಸಮಾಧಿಗೆ ಹೋಗಿದ್ದೆ. ಕಲ್ಲಿನ ಮೇಲೆ ಅಮ್ಮನ ಹೆಸರೇ ಕಾಣ್ತಿಲ್ಲ. ಸೊಂಟದೆತ್ತರ ಮುಳ್ಳುಗಿಡ ಬೆಳೆದಿದೆ. ಬೇಜಾರಾಯ್ತು ನಂಗೆ."

"ಹ್ಞೂಂ," ಎಂದ ಡೆಲ್ಬರ್ಟ್, ನೆವಾಡಾದ ಮೇಲೆ ಗುಂಡುಸೂಜಿ ಹಿಡಿದುಕೊಂಡು.

"ಅದಕ್ಕೇ ಆ ಟ್ರಸ್ಟಿ ಜಾಗಕ್ಕೆ ನಾನೇ ನಿಲ್ಲೋಣ ಅಂತಿದೀನಿ. ಎಲ್ರೂ ನನ್ನ ಹೆಸರು ಬರೀಬೇಕು. ನೀನೂ ಬರೀತೀಯ ತಾನೆ?"

"ಹ್ಞೂಂ."

"ಮರೆಯಲ್ಲ ತಾನೆ?"

"ಹ್ಞೂಂ."

ಮಾರ್ಲಿಸ್ ಅವನ ಕಿವಿಯತ್ತ ಬಾಗಿದಳು. "ಡೆಲ್, ಅಡುಗೆಮನೆಗೆ ಬೆಂಕಿ ಬಿದ್ದಿದೆ."

"ಹ್ಞೂಂ. ಪೆನ್ಸಿಲ್ವೇನಿಯಾದಲ್ಲಿ ಹಾಗೇ ಆಗೋದು."

ಅವಳು ಎದ್ದು ಹೋದಳು. ಒಂದು ಚೀಟಿಯಲ್ಲಿ ಏನೇನೋ ಬರೆದಳು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಕುಂಬಳಕಾಯಿ ಆಕಾರದ ಆಯಸ್ಕಾಂತದಿಂದ ಅಂಟಿಸಿದಳು. ಮುಂದಿನ ಒಂದು ತಿಂಗಳು ಡೆಲ್ಬರ್ಟ್ ದಿನಕ್ಕೆ ಇಪ್ಪತ್ತು ಸಲ ಅದೇ ಬಾಗಿಲು ತೆಗೆದು ಹಾಲು ಕುಡಿದ, ಚೀಸ್ ತಿಂದ, ಉಪ್ಪಿನಕಾಯಿ ಬಾಟಲಿಗೆ ಕೈ ಹಾಕಿದ. ಚೀಟಿಯನ್ನು ಓದಲಿಲ್ಲ. ರಾಷ್ಟ್ರಕಾರ್ಯದಲ್ಲಿ ಮುಳುಗಿದವನಿಗೆ ಫ್ರಿಜ್ಜಿನ ಚೀಟಿ ಓದಲು ಪುರುಸೊತ್ತೆಲ್ಲಿ!

ಅವನ ರಾಷ್ಟ್ರಕಾರ್ಯವಾದರೂ ಏನು? ಜನಾಭಿಪ್ರಾಯ ಸಂಗ್ರಹ! ಡೋರೀನಳ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಎರಡು ಗಾಜಿನ ಜಾಡಿ ಇಟ್ಟ. ಒಂದಕ್ಕೆ ಆನೆಯ ಚಿತ್ರ, ಇನ್ನೊಂದಕ್ಕೆ ಕತ್ತೆಯ ಚಿತ್ರ. ಪಕ್ಕದಲ್ಲಿ ಒಂದು ಬಟ್ಟಲು ಪಾಪ್‌ಕಾರ್ನ್ ಕಾಳು. ಕಾಫಿಗೆ ಬಂದವರು ತಲಾ ಒಂದು ಕಾಳನ್ನು ತಮಗೆ ಬೇಕಾದ ಜಾಡಿಗೆ ಹಾಕಬೇಕು. ಜಾಡಿಗಳೂ ಕಾಳೂ ಮಾರ್ಲಿಸಳ ಅಡುಗೆಮನೆಯಿಂದ ಎತ್ತಿಕೊಂಡು ಬಂದವು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಮೂರು ವಾರಗಳಲ್ಲಿ ಸುತ್ತಲಿನ ನಾಲ್ಕೂರಿನವರು ಕಾಳು ಹಾಕಿದರು. ಡೆಲ್ಬರ್ಟ್ ಜಾಡಿಗಳನ್ನು ಎದೆಗವಚಿಕೊಂಡು ಮನೆಗೆ ತಂದ. ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಎಣಿಸಲು ಕನ್ನಡಕ ಬೇಕಲ್ಲ! ಅದನ್ನು ಹುಡುಕಲು ಗ್ಯಾರೇಜಿಗೆ ಹೋದ. ಗ್ಯಾರೇಜಿನಲ್ಲಿ ಹಳೆಯ ರೇಡಿಯೊ ಚುನಾವಣೆಯ ಚರ್ಚೆಯನ್ನು ಬಿತ್ತರಿಸುತ್ತಿತ್ತು. ರೇಡಿಯೊದ ಜೊತೆ ಮುಕ್ಕಾಲು ಗಂಟೆ ವಾದ ಮಾಡಿ, ಗೆದ್ದು, ಹಿಂದಿರುಗಿದ.

ಊಟದ ಕೋಣೆಯಲ್ಲಿ ಮಾರ್ಲಿಸಳ ಎಂಟು ಜನ ಗೆಳತಿಯರು ಕುಳಿತಿದ್ದರು. ಎಲ್ಲರ ಮುಂದೆಯೂ ಪೆನ್ಸಿಲು, ಕಾಗದ. ನಡುವೆ ದೊಡ್ಡ ಬೋಗುಣಿ. ಬೋಗುಣಿಯಲ್ಲಿ ಬಿಳಿಯ ಗುಡ್ಡ. ಮನೆಯೆಲ್ಲಾ ಬೆಣ್ಣೆಯ ಪರಿಮಳ.

ಡೆಲ್ಬರ್ಟ್ ಅಡುಗೆಮನೆಗೆ ಓಡಿದ. ಎರಡು ಜಾಡಿಗಳೂ ತೊಳೆದು ಬೋರಲು ಹಾಕಿದ್ದವು!

"ಮಾರ್ಲಿಸ್! ಅದು ನಾಲ್ಕೂರಿನ ಜನರ ಅಭಿಪ್ರಾಯ ಕಣೇ!"

"ಹೌದಾ? ಉಪ್ಪು ಒಂಚೂರು ಕಮ್ಮಿ ಆಗಿದೆ," ಎಂದಳು ರೋಮಾ ಜೀನ್, ಒಂದು ಹಿಡಿ ಅಭಿಪ್ರಾಯವನ್ನು ಬಾಯಿಗೆ ಹಾಕಿಕೊಳ್ಳುತ್ತಾ. ಇವಳು ಚರ್ಚಿನಲ್ಲಿ ಆರ್ಗನ್ ನುಡಿಸುವವಳು, ಮಾರ್ಲಿಸಳ ಪ್ರಾಣದ ಗೆಳತಿ.

"ನನ್ನ ಜಾಡಿ, ನನ್ನ ಕಾಳು," ಎಂದಳು ಮಾರ್ಲಿಸ್. "ಕಟ್ಟೆ ಮೇಲಿತ್ತು, ಹುರಿದೆ."

"ಯಾವ ಜಾಡೀದು? ಆನೇದಾ, ಕತ್ತೇದಾ?"

"ಎರಡನ್ನೂ ಒಂದೇ ಬಾಣಲೆಗೆ ಸುರಿದೆ."

"ಒಂದೇ ಬಾಣಲೆಗಾ!"

"ಬೆಣ್ಣೆ ಹಾಕಿದ್ಮೇಲೆ ಯಾವುದು ಯಾವುದು ಅಂತ ಗೊತ್ತೇ ಆಗಲ್ಲ ಡೆಲ್. ವಾಷಿಂಗ್ಟನ್‌ಗೂ ಇದೇ ಉಪಾಯ ಕಳಿಸ್ಬೋದು ನೋಡು."

ಹೆಂಗಸರೆಲ್ಲಾ ಬಿದ್ದು ಬಿದ್ದು ನಕ್ಕರು. ಡೆಲ್ಬರ್ಟ್ ಬೋಗುಣಿಯ ತಳ ಕೆದಕಿದ. ಅರಳದೆ ಉಳಿದ ಕಾಳು ಇಪ್ಪತ್ತೇಳು ಸಿಕ್ಕವು. ಅವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, 'ಇನ್ನೂ ಮನಸ್ಸು ಮಾಡದ ಮತದಾರರು' ಎಂದು ಪುಸ್ತಕದಲ್ಲಿ ಬರೆದುಕೊಂಡ. ಮೇಜಿನ ಮೇಲಿನ ಎಂಟು ಕಾಗದಗಳಲ್ಲಿ ಎಂಟು ಬಗೆಯ ಅಕ್ಷರಗಳಲ್ಲಿ 'ಮಾರ್ಲಿಸ್ ಹಿನ್ರಿಕ್ಸನ್, ಟ್ರಸ್ಟಿ' ಎಂದು ಬರೆದಿತ್ತು. ಮತಗಟ್ಟೆಯಲ್ಲಿ ತಪ್ಪಾಗಬಾರದೆಂದು ಅವರೆಲ್ಲಾ ಬರೆದು ಅಭ್ಯಾಸ ಮಾಡುತ್ತಿದ್ದರು. ಡೆಲ್ಬರ್ಟ್ ಅದರಲ್ಲೊಂದು ಕಾಗದ ತೆಗೆದು ಕೈಗಂಟಿದ ಬೆಣ್ಣೆ ಒರೆಸಿಕೊಂಡು ಹೋದ.

ಸಮೀಕ್ಷೆ ಹೊಟ್ಟೆಗೆ ಸೇರಿದ್ದರಿಂದ ಅವನು ಲಾರಿಯ ಲೆಕ್ಕಕ್ಕೇ ಶರಣಾದ. ಮನೆಗಳ ಮುಂದಿನ ಹುಲ್ಲಿನಲ್ಲಿ ನೆಟ್ಟ ಪ್ರಚಾರದ ಫಲಕಗಳನ್ನು ಕಾರಿನಲ್ಲಿ ಸುತ್ತಿ ಎಣಿಸಿದ. ಅರ್ಧ ಕಣ್ಣು ಮುಚ್ಚಿ ದೇಶವನ್ನು ಕಣ್ಣಳತೆಯಲ್ಲೇ ತೂಗಿ, ಕಾಗದದಲ್ಲಿ ಬರೆದು, ಡೋರೀನಳ ಗೋಡೆಗೆ ಅಂಟಿಸಿದ. ಕಟ್ಟಕಡೆಯ ಸಾಲಿನಲ್ಲಿ ಟ್ರಸ್ಟಿಯ ಮುಂದೆ ಒಂದು ದೊಡ್ಡ ಸೊನ್ನೆ. ಅದಕ್ಕೆ ಎರಡು ಸಲ ಶಾಯಿ ತಿದ್ದಿದ.

ಮತದಾನದ ದಿನ ಬಂತು. ಚರ್ಚಿನ ನೆಲಮಾಳಿಗೆಯಲ್ಲಿ ಗಂಡ ಹೆಂಡತಿ ಅಕ್ಕಪಕ್ಕದ ಮರೆಗಳಲ್ಲಿ ನಿಂತು ಮತಪತ್ರ ತುಂಬಿದರು. ಡೆಲ್ಬರ್ಟ್ ಹೆಸರುಗಳ ಪಕ್ಕದ ಒಂದೊಂದೇ ವೃತ್ತ ಕಪ್ಪಾಗಿಸುತ್ತಾ ಕೊನೆಗೆ ಬಂದ. ಅಲ್ಲಿ ಆ ಖಾಲಿ ಗೆರೆ! ಪೆನ್ನು ಒಂದು ಕ್ಷಣ ನಿಂತಿತು. ಇಲ್ಲಿ ಏನೋ ಬರೆಯಬೇಕಿತ್ತಲ್ಲ ಎಂದು ಎಲ್ಲೋ ಮೂಲೆಯಲ್ಲಿ ಅನ್ನಿಸಿತು. ಆದರೆ ಒಂದಕ್ಷರ ಬರೆದರೂ ಸೊನ್ನೆ ಒಡೆದುಹೋಗುತ್ತದೆ, ಟೋಪಿ ಹೊಟ್ಟೆಗೆ ಹೋಗುತ್ತದೆ! ತನ್ನ ಭವಿಷ್ಯವಾಣಿಯ ತಲೆಗೆ ತಾನೇ ಕಲ್ಲು ಹಾಕುವಷ್ಟು ದಡ್ಡನೇ ಅವನು? ಪೆನ್ನಿಗೆ ಟೊಪ್ಪಿ ಹಾಕಿ, ಮತಪತ್ರವನ್ನು ಯಂತ್ರದ ಬಾಯಿಗೆ ಕೊಟ್ಟು, 'ನಾನು ಮತ ಹಾಕಿದೆ' ಎಂಬ ಚೀಟಿಯನ್ನು ಎದೆಗೆ ಅಂಟಿಸಿಕೊಂಡು ಹೊರಬಂದ.

"ಎಲ್ಲಾ ತುಂಬ್ದೆ ತಾನೆ ಡೆಲ್?" ಎಂದಳು ಮಾರ್ಲಿಸ್.

"ಹ್ಞೂಂ."

ಇನ್ನು ಫಲಿತಾಂಶ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಸೆನೆಟ್ಟು ಅವನು ಹೇಳಿದಂತೆಯೇ ಬಂತು! ಪ್ರತಿನಿಧಿ ಸಭೆಯೂ ಬಂತು! ಗವರ್ನರೂ ಬಂದ! ಯಾವ ಪಕ್ಷ ಎಲ್ಲಿ ಗೆದ್ದಿತೆಂದು ಇಲ್ಲಿ ಹೇಳುವುದಿಲ್ಲ, ಓದುಗರಲ್ಲೂ ಆನೆಯವರು ಕತ್ತೆಯವರು ಇರಬಹುದು, ನಮಗ್ಯಾಕೆ ಊರ ಉಸಾಬರಿ. ಡೆಲ್ಬರ್ಟ್ ಮಾತ್ರ ನೆಲದ ಮೇಲೆ ನಡೆಯುವುದನ್ನೇ ಬಿಟ್ಟ. ಡೋರೀನ್ ಅವನ ಹೆಸರಿನಲ್ಲಿ ಒಂದು ದಿನ ಸೇಬಿನ ಪೈ ಮಾಡಿದಳು. ಅವನು ಅದನ್ನು ತಿನ್ನುತ್ತಾ ಮುಂದಿನ ಅಧ್ಯಕ್ಷರ ಹೆಸರನ್ನೂ ಹೇಳಿಬಿಟ್ಟ.

"ಕೈಬರಹದ ಗೆರೆ ಎಣಿಕೆ ಇನ್ನೂ ಮುಗಿದಿಲ್ಲ ಭಾವ," ಎಂದ ಗೇಲನ್ ಮೆಲ್ಲಗೆ.

ಶುಕ್ರವಾರ ಬೆಳಗ್ಗೆ ಮನೆಯ ಫೋನು ಹೊಡೆದುಕೊಂಡಿತು. ಕೌಂಟಿಯ, ಅಂದರೆ ಜಿಲ್ಲೆಯ, ಚುನಾವಣೆ ನಡೆಸುವ ಆಡಿಟರ್ ಶ್ರೀಮತಿ ಬೂಮ್‌ಗಾರ್ಡನ್ ಅವರೇ ಮಾತಾಡಿದರು.

"ಅಭಿನಂದನೆಗಳು ಹಿನ್ರಿಕ್ಸನ್ ಅವರೇ. ಟ್ರಸ್ಟಿ ಸ್ಥಾನಕ್ಕೆ ನಿಮ್ಮ ಹೆಸರು ಬರೆದವರು ಒಂಬತ್ತು ಜನ."

"ನ... ನನ್ನ ಹೆಸರಾ?" ಡೆಲ್ಬರ್ಟನ ಕಣ್ಣ ಮುಂದೆ ಡೋರೀನಳ ಉದ್ದ ಮೇಜು ಬಂತು. ಮೇಜಿನ ಸುತ್ತ ಒಂಬತ್ತು ಮುಖಗಳು! ಸೊನ್ನೆ ಒಡೆಯಲೆಂದೇ ಪಾಪಿಗಳು ಇವನ ಹೆಸರನ್ನೇ ಬರೆದಿದ್ದರು!

"ಒಂದು ಸಣ್ಣ ತೊಡಕಿದೆ. ನಿಮ್ಮ ಮನೆಯವರಿಗೂ ಒಂಬತ್ತೇ ಬಿದ್ದಿವೆ. ಸಮಸಮ. ಮಂಗಳವಾರ ಇಬ್ಬರೂ ಕೋರ್ಟಿನ ಕಟ್ಟಡಕ್ಕೆ ಬನ್ನಿ, ಚೀಟಿ ಎತ್ತೋಣ."

"ಬೇಡ ಬೇಡ, ನಾನು ಹಿಂದೆ ಸರೀತೀನಿ!"

"ಮತಪತ್ರದಲ್ಲಿ ಅದಕ್ಕೆ ಗೆರೆ ಇಲ್ಲ ಸ್ವಾಮಿ," ಎಂದು ಆಕೆ ಫೋನಿಟ್ಟರು.

ಡೆಲ್ಬರ್ಟ್ ತಿರುಗಿ ನೋಡಿದ. ಬಾಗಿಲಲ್ಲಿ ಮಾರ್ಲಿಸ್ ನಿಂತಿದ್ದಳು.

"ನಂಗೆಷ್ಟು?"

"ಒಂಬತ್ತು. ಆದ್ರೆ ನೀನು ನಿಂತಿದ್ದೆ ಅಂತ ನಂಗೆ..."

"ಒಂಬತ್ತಾ?" ಮಾರ್ಲಿಸ್ ಬೆರಳು ಮಡಚಿದಳು. "ಹತ್ತು ಬೀಳ್ಬೇಕಿತ್ತು ಡೆಲ್. ಎಂಟು ಜನ ಗೆಳತಿಯರು, ನಾನು ಒಂಬತ್ತು, ನೀನು ಹತ್ತು. ನೀನು ಹ್ಞೂಂ ಅಂದಿದ್ಯಲ್ಲ. ಹಾಕ್ದೆ ತಾನೆ?"

ಈಗ ನೆನಪಾಯಿತು! ನೆವಾಡಾ, ಗುಂಡುಸೂಜಿ, ಅತ್ತೆಯ ಸಮಾಧಿ, ಮುಳ್ಳುಗಿಡ, ಹ್ಞೂಂ! ಎಲ್ಲವೂ ಒಟ್ಟಿಗೇ ಬಂದು ನೆತ್ತಿಯ ಮೇಲೆ ಕುಳಿತವು. ದೇಶದ ಕೋಟ್ಯಂತರ ಮತಗಳನ್ನು ತೂಗಿದವನು ತನ್ನದೊಂದು ಮತವನ್ನು ಹೆಂಡತಿಗೆ ಹಾಕಲು ಮರೆತಿದ್ದ. ಆಗಲೇ ತಪ್ಪನ್ನು ಒಪ್ಪಿಕೊಂಡಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಲವತ್ತೊಂದು ವರ್ಷ ಸಂಸಾರ ಮಾಡಿದ ಗಂಡಸು ಒಪ್ಪಿಕೊಳ್ಳುವುದುಂಟೇ?

"ಹಾಕ್ದೆ ಕಣೇ! ದಪ್ಪ ಅಕ್ಷರದಲ್ಲಿ ಬರೆದೆ!"

"ಹಾಗಾದ್ರೆ ಆ ಎಂಟು ಜನದಲ್ಲಿ ಯಾರೋ ಒಬ್ರು ನಂಗೆ ಕೈಕೊಟ್ಟಿದಾರೆ," ಎಂದಳು ಮಾರ್ಲಿಸ್ ನಿಟ್ಟುಸಿರುಬಿಟ್ಟು. "ಇರ್ಲಿ ಬಿಡು."

'ಇರ್ಲಿ ಬಿಡು' ಎಂದಾಗ ಬಿಟ್ಟುಬಿಡಬೇಕಿತ್ತು. ಆದರೆ ತಪ್ಪು ಮಾಡಿದವನ ಗಂಟಲು ಯಾವಾಗಲೂ ಒಂದು ಸ್ಥಾಯಿ ಮೇಲೇ ಇರುತ್ತದೆ. "ಬಿಡೋದಾ? ನನ್ನ ಹೆಂಡತಿಗೆ ಮೋಸ ಮಾಡಿದೋರ್ನ ನಾನು ಬಿಡೋದಾ? ಮಂಗಳವಾರದೊಳಗೆ ಆ ದ್ರೋಹಿ ಯಾರು ಅಂತ ಲೆಕ್ಕ ಹಾಕಿ ಹೇಳ್ತೀನಿ!"

ಅಮೆರಿಕದ ನಕ್ಷೆ ಕೆಳಗಿಳಿಯಿತು. ಅತ್ತೆಯ ತಟ್ಟೆಗಳು ಬೆಳಕು ಕಂಡವು. ಅವುಗಳ ಪಕ್ಕದಲ್ಲಿ ಎಂಟು ಹೆಂಗಸರ ಹೆಸರಿನ ಪಟ್ಟಿಯೊಂದು ಮೇಲೇರಿತು. ಹೆಸರಿನ ಮುಂದೆ ಅನುಮಾನದ ಶೇಕಡಾವಾರು ಪ್ರಮಾಣ! ರೋಮಾ ಜೀನಳಿಗೆ ಅರವತ್ತೆರಡು. ಕಾರಣ, ಮೂರು ವರ್ಷಗಳ ಹಿಂದೆ ಅವಳು ಚರ್ಚಿಗೆ ತಂದ ಚೆರ್ರಿ ಹಣ್ಣಿನ ಪೈ ತುಸು ಹಸಿಯಾಗಿದೆ ಎಂದು ಮಾರ್ಲಿಸ್ ಎಲ್ಲರೆದುರು ಹೇಳಿದ್ದಳು. ಡೆಲ್ಬರ್ಟ್ ಫೋನು ಎತ್ತಿಕೊಂಡ.

"ರೋಮಾ ಜೀನ್, ಆ ಪೈ ವಿಷಯ ನಿನ್ನ ಮನಸ್ಸಲ್ಲಿ ಇನ್ನೂ ಇದ್ಯಾ?"

ಆ ಕಡೆಯಿಂದ ಮೊದಲು ಮೂಗಿನ ಸದ್ದು. ಆಮೇಲೆ ಬಿಕ್ಕಳಿಕೆ. "ನನ್ನ ಮೇಲೆ ಅನುಮಾನನಾ ಡೆಲ್ಬರ್ಟ್? ನಲವತ್ತು ವರ್ಷದ ಸ್ನೇಹಕ್ಕೆ ಇದೇನಾ ಮರ್ಯಾದೆ?" ಎಂದು ಅವಳು ಫೋನು ಕುಕ್ಕಿದಳು. ಸದ್ದಿಗೆ ಡೆಲ್ಬರ್ಟನ ಕಿವಿ ಗುಂಯ್ ಎಂದಿತು.

ಭಾನುವಾರ ಚರ್ಚಿನಲ್ಲಿ ರೋಮಾ ಜೀನ್ ಶವಸಂಸ್ಕಾರದ ರಾಗವನ್ನೇ ಮೂರು ಸಲ ನುಡಿಸಿದಳು. ಮೂರು ಸಲವೂ ಡೆಲ್ಬರ್ಟನನ್ನೇ ನೋಡುತ್ತಿದ್ದಳು. ಪ್ರಾರ್ಥನೆಯ ನಂತರದ ಕಾಫಿಯ ಹೊತ್ತಿಗೆ ಎಂಟು ಹೆಂಗಸರು ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಗೋಡೆಯ ಕಡೆ ಮುಖಮಾಡಿ ನಿಂತರು. ಮೂಲೆಗಳು ನಾಲ್ಕೇ ಇದ್ದದ್ದರಿಂದ ಉಳಿದ ನಾಲ್ವರು ಕಿಟಕಿಗಳ ಮುಂದೆ ನಿಂತರು. ಯಾರೂ ಸಿಹಿ ತಂದಿರಲಿಲ್ಲ. ಪ್ಲಮ್ ಕ್ರೀಕ್‌ನ ಚರ್ಚಿನಲ್ಲಿ ಸಿಹಿಯಿಲ್ಲದ ಭಾನುವಾರ ಅದೇ ಮೊದಲು!

"ಏನಾಯ್ತು ನಮ್ಮ ಸಭೆಗೆ?" ಎಂದು ಪಾದ್ರಿಗಳು ಖಾಲಿ ತಟ್ಟೆ ಹಿಡಿದುಕೊಂಡು ಅಲೆದರು.

ಡೆಲ್ಬರ್ಟ್ ಕಾಫಿಯನ್ನು ಕುಡಿಯದೆ ಹಾಗೇ ಕೆಳಗಿಟ್ಟ. ತನ್ನದೊಂದು ಸುಳ್ಳಿನಿಂದ ಊರಿನ ಹೆಂಗಸರ ನಲವತ್ತು ವರ್ಷದ ಒಗ್ಗಟ್ಟು ಒಡೆದುಹೋಯಿತಲ್ಲ ಎಂದು ಅವನಿಗೆ ನಿಜಕ್ಕೂ ಭಯವಾಯಿತು. ಮನೆಯಲ್ಲಿ ಮಾರ್ಲಿಸ್ ಇನ್ನೂ ಕ್ರೂರಿಯಾಗಿದ್ದಳು. ಅವನಿಗೆ ಇಷ್ಟವಾದ ಅಡುಗೆಯನ್ನೇ ಮಾಡಿ, ಎರಡೆರಡು ಸಲ ಬಡಿಸಿ, "ತಿನ್ನು ಡೆಲ್. ನಿನ್ನ ಒಂದು ಮತ ಆದ್ರೂ ನಂಗೆ ಖಂಡಿತ ಬಿತ್ತಲ್ಲ, ಅಷ್ಟು ಸಾಕು," ಎನ್ನುತ್ತಿದ್ದಳು.

ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಕೋರ್ಟಿನ ಕಟ್ಟಡದ ಚಿಕ್ಕ ಕೋಣೆ ಭರ್ತಿಯಾಗಿತ್ತು. ಒಂದು ಕಡೆ ಕಾಫಿ ಮೇಜಿನ ಒಂಬತ್ತು ಗಂಡಸರು. ಗೇಲನ್ನನ ಕೈಯಲ್ಲಿ ಒಂದು ಪೊಟ್ಟಣ ಬೆಣ್ಣೆ. ಇನ್ನೊಂದು ಕಡೆ ಎಂಟು ಹೆಂಗಸರು. ರೋಮಾ ಜೀನ್ ಕರವಸ್ತ್ರದಿಂದ ಮುಖ ಮುಚ್ಚಿಕೊಂಡಿದ್ದಳು, ಅವಳ ಭುಜಗಳು ಕುಲುಕುತ್ತಿದ್ದವು. ಮೇಜಿನ ಮೇಲೆ ಬಿಸ್ಕತ್ತಿನ ಗಾಜಿನ ಜಾಡಿ.

"ದ್ರೋಹಿ ಯಾರು ಅಂತ ಇವತ್ತು ಹೇಳ್ತೀನಿ ಅಂದಿದ್ಯಲ್ಲ ಡೆಲ್," ಎಂದಳು ಮಾರ್ಲಿಸ್. "ಎಲ್ರೂ ಬಂದಿದಾರೆ. ಹೇಳು."

ಡೆಲ್ಬರ್ಟ್ ಎದ್ದು ನಿಂತ. ಜೇಬಿನಿಂದ ಪಟ್ಟಿ ತೆಗೆದ. ರೋಮಾ ಜೀನಳ ಕುಲುಕುವ ಭುಜಗಳನ್ನು ನೋಡಿದ. ಪಟ್ಟಿ ಕೈಯಿಂದ ಜಾರಿತು.

"ನಾನೇ!" ಎಂದ. "ನಾನೇ ಕಣೇ ಮಾರ್ಲಿಸ್! ಆ ಗೆರೆ ಖಾಲಿ ಬಿಟ್ಟೆ. ನೀನು ಹೇಳಿದ್ದು ಕೇಳಿಸ್ಕೊಳ್ಳದೇ ಹ್ಞೂಂ ಅಂದಿದ್ದೆ. ಆಮೇಲೆ ಸುಳ್ಳು ಹೇಳ್ದೆ. ರೋಮಾ ಜೀನ್, ನನ್ನ ಕ್ಷಮಿಸಿಬಿಡಮ್ಮಾ. ಅಳಬೇಡ!"

ರೋಮಾ ಜೀನ್ ಕರವಸ್ತ್ರ ತೆಗೆದಳು. ಅವಳು ಅಳುತ್ತಿರಲಿಲ್ಲ. ನಗು ತಡೆಯಲಾರದೆ ಮುಖ ಟೊಮೇಟೊ ಆಗಿತ್ತು. "ಅಯ್ಯೋ ಸಾಕಪ್ಪಾ! ನಾಲ್ಕು ದಿನದಿಂದ ಪಕ್ಕೆ ನೋಯ್ತಿದೆ!" ಎಂದು ಅವಳು ಕಿರುಚಿದ್ದೇ ತಡ, ಉಳಿದ ಏಳೂ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಮಾರ್ಲಿಸ್ ತನ್ನ ಚೀಲದಿಂದ ಕುಂಬಳಕಾಯಿ ಆಯಸ್ಕಾಂತವನ್ನೂ ಅದರ ಜೊತೆಗಿದ್ದ ಚೀಟಿಯನ್ನೂ ತೆಗೆದು ಆಡಿಟರ್ ಕೈಗೆ ಕೊಟ್ಟಳು. ಶ್ರೀಮತಿ ಬೂಮ್‌ಗಾರ್ಡನ್ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"ಅಕ್ಟೋಬರ್ ಎಂಟು. ಗೆಳತಿಯರು, ಎಂಟು. ನಾನು, ಒಂದು. ಡೆಲ್, ಹ್ಞೂಂ ಅಂದಿದ್ದಾನೆ, ಹಾಕುವುದಿಲ್ಲ. ಒಟ್ಟು ಒಂಬತ್ತು."

ಗೇಲನ್ ಟೋಪಿ ತೆಗೆದು ಅಕ್ಕನಿಗೆ ಬಾಗಿ ನಮಸ್ಕರಿಸಿದ. "ಅಕ್ಕಾ, ಇಡೀ ಕೌಂಟೀಲಿ ಕೊನೇ ಗೆರೆ ಭವಿಷ್ಯ ಸರಿ ಹೇಳಿದೋಳು ನೀನೊಬ್ಬಳೇ!"

"ಒಂದು ತಿಂಗಳು ಫ್ರಿಜ್ಜಿನ ಮೇಲೇ ಇತ್ತು," ಎಂದಳು ಮಾರ್ಲಿಸ್. ಆಮೇಲೆ ನಗು ನಿಲ್ಲಿಸಿ ಗಂಡನ ಕಡೆ ತಿರುಗಿದಳು. "ಆದ್ರೂ ಡೆಲ್, ಈ ಚೀಟಿ ತಪ್ಪಾಗ್ಲಿ ಅಂತ ನಂಗೆ ಆಸೆ ಇತ್ತು."

ಡೆಲ್ಬರ್ಟನಿಗೆ ನಾಚಿಕೆಯಾಯಿತು. ಟೋಪಿಯ ನಾಚಿಕೆಯಲ್ಲ, ನಿಜವಾದ ನಾಚಿಕೆ. ತಲೆ ತಗ್ಗಿಸಿದ. ಸೆನೆಟ್ಟು, ಪ್ರತಿನಿಧಿ ಸಭೆ, ಗವರ್ನರ್ ಎಲ್ಲವನ್ನೂ ತೂಕಕ್ಕೆ ಹಾಕಿ ಆ ಒಂದು ಮತವನ್ನು ಹಿಂದೆ ಕೊಡಿ ಎಂದು ಕೇಳುವ ಹಾಗಿದ್ದಿದ್ದರೆ ಆಗಲೇ ಕೇಳಿಬಿಡುತ್ತಿದ್ದ.

ಎರಡು ಚೀಟಿ ಮಡಚಿ ಜಾಡಿಗೆ ಹಾಕಿದರು. "ಯಾರ ಹೆಸರು ಬರುತ್ತೆ ಭಾವ? ಹೇಳು ನೋಡೋಣ," ಎಂದು ಕಿಚಾಯಿಸಿದ ಗೇಲನ್.

"ನಾನೇನೂ ಹೇಳಲ್ಲ," ಎಂದ ಡೆಲ್ಬರ್ಟ್. "ಅವಳದೇ ಬರ್ಲಿ ದೇವ್ರೇ."

ಅವಳದೇ ಬಂತು! ಕೋಣೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ಸೋತ ಅಭ್ಯರ್ಥಿಯೇ. ಖಾಲಿ ಬಿದ್ದಿದ್ದ ಸ್ಥಾನವಾದ್ದರಿಂದ ಅಲ್ಲೇ ಪ್ರಮಾಣವಚನವೂ ಆಯಿತು. ಆಮೇಲೆ ಗೇಲನ್ ಬೆಣ್ಣೆಯ ಪೊಟ್ಟಣ ಬಿಚ್ಚಿದ. ಡೆಲ್ಬರ್ಟ್ ಹಸಿರು ಟೋಪಿಯ ಅಂಚನ್ನು ಕಚ್ಚಿ, ಒಂದು ದಾರ ನುಂಗಿದ. ಉಪ್ಪು ಕಮ್ಮಿಯಾಗಿದೆಯೇ ಎಂದು ರೋಮಾ ಜೀನ್ ವಿಚಾರಿಸಿದಳು. ಉಪ್ಪು ಬೇಕಾದಷ್ಟಿತ್ತು.

ಹೊಸ ಟ್ರಸ್ಟಿ ಮರುದಿನವೇ ಸ್ಮಶಾನಕ್ಕೆ ಹುಲ್ಲು ಕತ್ತರಿಸುವ ಯಂತ್ರ ನುಗ್ಗಿಸಿದಳು. ಯಂತ್ರದ ಹಿಂದೆ ಕುಡುಗೋಲು ಹಿಡಿದು ಮುಳ್ಳುಗಿಡ ಕಡಿಯುತ್ತಾ ಹೋದವನು ಡೆಲ್ಬರ್ಟ್. ತಾಯಿಯ ಹೆಸರು ಕಂಡಾಗ ಮಾರ್ಲಿಸ್ ಕಲ್ಲನ್ನು ತನ್ನ ಅಂಗಿಯ ತೋಳಿನಿಂದಲೇ ಒರೆಸಿದಳು.

ಅದು ಮುಗಿಯುವಷ್ಟರಲ್ಲಿ ಗೇಲನ್ ಬೇಲಿಯ ದೂರು ತಂದ! ನಮ್ಮ ಮನೆಯ ವಿಷಯಕ್ಕೆ ನಾನೇ ತೀರ್ಪು ಕೊಡಬಾರದೆಂದು ಮಾರ್ಲಿಸ್ ಪಕ್ಕಕ್ಕೆ ಸರಿದಳು. ಎಂಬತ್ತು ದಾಟಿದ ಇನ್ನಿಬ್ಬರು ಟ್ರಸ್ಟಿಗಳು ಹೊಲಕ್ಕೆ ಬಂದರು. ಅಲ್ಲಿನ ಪದ್ಧತಿಯಂತೆ ಭಾವ ಭಾಮೈದರನ್ನು ಗಡಿಯ ನಡುಮಧ್ಯಕ್ಕೆ ಎದುರು ಬದುರಾಗಿ ನಿಲ್ಲಿಸಿದರು. ಅವರವರ ಬಲಗೈ ಕಡೆಯ ಅರ್ಧ ಅವರವರದು. ಗೇಲನ್ನನ ಬಲಕ್ಕೆ ನೆಟ್ಟಗಿನ ಬೇಲಿ. ಡೆಲ್ಬರ್ಟನ ಬಲಕ್ಕೆ ಏಳು ವರ್ಷದಿಂದ ನಿದ್ದೆ ಮಾಡುತ್ತಿದ್ದ ಕಂಬಗಳು. ನವೆಂಬರ್ ಕೊನೆಯಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದೊಳಗೆ ಎಬ್ಬಿಸತಕ್ಕದ್ದು ಎಂದು ತೀರ್ಪಾಯಿತು. ಹಬ್ಬಕ್ಕೆ ಎಂಟೇ ದಿನ!

ಆ ಸಂಜೆ ಹಾಲಿಗೆಂದು ಅಡುಗೆಮನೆಗೆ ಹೋದ ಡೆಲ್ಬರ್ಟ್ ಫ್ರಿಜ್ಜಿನ ಮುಂದೆ ನಿಂತು, ಜೀವನದಲ್ಲಿ ಮೊದಲ ಸಲ, ಬಾಗಿಲು ತೆಗೆಯುವ ಮೊದಲು ಅದರ ಮೇಲೇನಿದೆ ಎಂದು ನೋಡಿದ. ಕುಂಬಳಕಾಯಿಯ ಕೆಳಗೆ ಅಂದಿನ ತಾರೀಖು ಹಾಕಿದ ಹೊಸ ಚೀಟಿ ಇತ್ತು. 'ಡೆಲ್ ಹಬ್ಬದೊಳಗೆ ಬೇಲಿ ಮುಗಿಸುವುದಿಲ್ಲ.'

ರೋಷ ಉಕ್ಕಿತು! ಮುಗಿಸುವುದಿಲ್ಲವೇ? ನೋಡೇಬಿಡೋಣ! ಹಿಮದ ಪುಡಿ ಬೀಳುತ್ತಿರಲಿ, ಗಾಳಿ ಕಿವಿ ಕತ್ತರಿಸುತ್ತಿರಲಿ, ಡೆಲ್ಬರ್ಟ್ ದಿನವೂ ಬೆಳಗ್ಗೆ ಹೊಲಕ್ಕೆ ಹೋದ. ಕಂಬ ನೆಟ್ಟ, ತಂತಿ ಎಳೆದ, ಹೆಬ್ಬೆರಳಿಗೆ ನಾಲ್ಕು ಸಲ ಸುತ್ತಿಗೆ ಬಡಿದುಕೊಂಡ. ಡೋರೀನಳ ಮೇಜಿಗೆ ಎಂಟು ದಿನ ಹೋಗಲೇ ಇಲ್ಲ. ಟೀವಿಯಲ್ಲಿ ಯಾರೋ ಮುಂದಿನ ಅಧ್ಯಕ್ಷರ ಬಗ್ಗೆ ಚರ್ಚಿಸುತ್ತಿದ್ದರಂತೆ, ಅದೂ ಗೊತ್ತಾಗಲಿಲ್ಲ.

ಹಬ್ಬದ ದಿನ ಬೆಳಗ್ಗೆ ಹನ್ನೊಂದಕ್ಕೆ ಕೊನೆಯ ಮೊಳೆ ಹೊಡೆದು ಅವನು ಮನೆಗೆ ಓಡಿಬಂದ. ಅಡುಗೆಮನೆಯಲ್ಲಿ ಹಬ್ಬದ ಟರ್ಕಿ ಕೋಳಿ ಬೇಯುತ್ತಿತ್ತು, ಮಾರ್ಲಿಸ್ ಆಲೂಗಡ್ಡೆ ಹಿಸುಕುತ್ತಿದ್ದಳು, ಗೇಲನ್ನೂ ರೋಮಾ ಜೀನಳೂ ತಟ್ಟೆ ಜೋಡಿಸುತ್ತಿದ್ದರು.

"ಮುಗೀತು! ಪೂರ್ತಿ ಮುಗೀತು! ನಿನ್ನ ಭವಿಷ್ಯ ಸುಳ್ಳಾಯ್ತು ಮಾರ್ಲಿಸ್!" ಎಂದು ಕೂಗಿ, ಊದಿದ ಹೆಬ್ಬೆರಳಿನಿಂದ ಕುಂಬಳಕಾಯಿ ಕಿತ್ತು, ಚೀಟಿಯನ್ನು ವಿಜಯಪತಾಕೆಯ ಹಾಗೆ ಎತ್ತಿ ಹಿಡಿದ.

"ಹೌದಾ?" ಎಂದಳು ಮಾರ್ಲಿಸ್, ಆಲೂಗಡ್ಡೆಯಿಂದ ತಲೆಯೆತ್ತದೆ. "ಹಿಂದುಗಡೆ ಓದಿದ್ಯಾ?"

ಡೆಲ್ಬರ್ಟ್ ಚೀಟಿಯನ್ನು ತಿರುಗಿಸಿದ. ಅದೇ ತಾರೀಖು, ಅದೇ ಅಕ್ಷರ.

'ಹೀಗೆ ಬರೆದರೆ ಮುಗಿಸುತ್ತಾನೆ.'